ಅತ್ತಿಗುಂಡಿಯ ದಾರಿಯಲ್ಲಿ ಒಂದು ದಿನದ ಪಾಠ

"ಸಾರ್, ಈ ಸಲ ಪ್ರವಾಸ ಎಲ್ಲಿಗೆ?"

ಅಕ್ಟೋಬರ್ ಬಂತೆಂದರೆ ಪ್ರತಿ ಶಾಲೆಯಲ್ಲೂ ಕೇಳಿಬರುವ ಪ್ರಶ್ನೆ ಇದು. ಮೈಸೂರು, ಬೇಲೂರು, ಹಳೇಬೀಡು, ಜೋಗ ಎಂದು ಪಟ್ಟಿ ಬೆಳೆಯುತ್ತದೆ. ಕಡೂರು ಸೀಮೆಯ ಬಯಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾ ಬಂದಿರುವ ನಾನು ಮಾತ್ರ ಪ್ರತಿ ವರ್ಷ ಒಂದೇ ಹೆಸರು ಹೇಳುತ್ತೇನೆ: ಅತ್ತಿಗುಂಡಿ. "ಅಲ್ಲೇನಿದೆ ಸಾರ್? ನಮ್ಮೂರಿಂದ ಕಾಣೋ ಬೆಟ್ಟ ತಾನೇ?" ಎಂದು ಮಕ್ಕಳು ಮೂಗು ಮುರಿಯುತ್ತಾರೆ. ದಿನವೂ ಕಾಣುವ ಬೆಟ್ಟವನ್ನು ಹತ್ತಿ ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಮೇಲೇಳುವ ಕೈಗಳು ನಾಲ್ಕೋ ಐದೋ!

ಅತ್ತಿಗುಂಡಿ ದೊಡ್ಡ ಊರೇನೂ ಅಲ್ಲ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ, ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಪುಟ್ಟ ಹಳ್ಳಿ. ಒಂದಷ್ಟು ಮನೆ, ಚಹಾ ಅಂಗಡಿ, ಸಾಲಾಗಿ ನಿಂತ ಜೀಪುಗಳು. ಆದರೆ ಇಲ್ಲಿ ನಿಂತರೆ ಎತ್ತ ಹೊರಟರೂ ನೋಡತಕ್ಕ ಜಾಗವಿದೆ. ಹಿಂದಕ್ಕೆ ತಿರುಗಿದರೆ ಸೀತಾಳಯ್ಯನಗಿರಿ ಮತ್ತು ಮುಳ್ಳಯ್ಯನಗಿರಿ, ಮುಂದೆ ಹೋದರೆ ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಗಾಳಿಕೆರೆ. ರಸ್ತೆಯ ಬದಿಯಲ್ಲೇ ಹೊನ್ನಮ್ಮನಹಳ್ಳದ ಜಲಪಾತ. ಜೀಪಿನಲ್ಲಿ ತೋಟದೊಳಗೆ ಇಳಿದರೆ ಝರಿ ಜಲಪಾತ.

ದಾರಿಯೇ ಪ್ರಯೋಗಶಾಲೆ

ಪ್ರವಾಸವೆಂದರೆ ಬಸ್ಸು ಹತ್ತಿ, ಹಾಡು ಹೇಳಿ, ಇಳಿದು ಫೋಟೋ ತೆಗೆಸಿಕೊಳ್ಳುವುದಷ್ಟೇ ಅಲ್ಲ. ಮಕ್ಕಳ ಕೈಗೆ ನಾನು ಒಂದು ಥರ್ಮಾಮೀಟರ್, ಒಂದು ನೋಟ್ ಪುಸ್ತಕ ಮತ್ತು ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಕೊಡುತ್ತೇನೆ. ಪೊಟ್ಟಣವನ್ನು ಬೆಟ್ಟದ ತುದಿ ತಲುಪುವವರೆಗೆ ಒಡೆಯುವಂತಿಲ್ಲ ಎಂಬುದು ಷರತ್ತು!

ಕಡೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಾಗಾದರೆ ಊರಿಗೂ ಶಿಖರಕ್ಕೂ ಎಷ್ಟು ವ್ಯತ್ಯಾಸ ಬರಬೇಕು? ಏಳೂವರೆ ಡಿಗ್ರಿ ಎಂದು ಬಸ್ಸಿನಲ್ಲೇ ಲೆಕ್ಕ ಹಾಕುವ ಮಕ್ಕಳು, ಮೇಲೆ ಹೋಗಿ ಥರ್ಮಾಮೀಟರ್ ನೋಡಿ ತಾಳೆ ಹಾಕುತ್ತಾರೆ. ಉತ್ತರ ಹೆಚ್ಚು ಕಡಿಮೆಯಾದರೆ ಇನ್ನೂ ಒಳ್ಳೆಯದು. ಗಾಳಿ, ಮೋಡ, ನೆರಳು ಇವುಗಳ ಪಾತ್ರವೇನು ಎಂಬ ಚರ್ಚೆ ಅಲ್ಲಿಂದಲೇ ಆರಂಭ.

ಇನ್ನು ಚಿಪ್ಸ್ ಪೊಟ್ಟಣ! ಶಿಖರದಲ್ಲಿ ವಾಯುವಿನ ಒತ್ತಡ ಸಮುದ್ರ ಮಟ್ಟದ ಒತ್ತಡದ ಸುಮಾರು ಶೇಕಡಾ 80ರಷ್ಟು ಮಾತ್ರ. ಹೊರಗಿನ ಒತ್ತಡ ಕಡಿಮೆಯಾದಂತೆ ಪೊಟ್ಟಣದೊಳಗಿನ ಗಾಳಿ ಹಿಗ್ಗಿ ಅದು ದಿಂಬಿನಂತೆ ಉಬ್ಬುತ್ತದೆ. ತಿರುವುಗಳಲ್ಲಿ ಕಿವಿ "ಟಪ್" ಎನ್ನುವುದಕ್ಕೂ ಕಾರಣ ಇದೇ. ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 93-94 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಹೆಚ್ಚು ಹೊತ್ತು ಬೇಕು. ಪುಸ್ತಕದಲ್ಲಿ ಮೂರು ಸಲ ಓದಿದರೂ ತಲೆಗೆ ಹತ್ತದ ಪಾಠ ಒಂದು ಪೊಟ್ಟಣದಿಂದ ಹತ್ತಿಬಿಡುತ್ತದೆ. (ಖಾಲಿ ಪೊಟ್ಟಣ ಮಾತ್ರ ಚೀಲದೊಳಗೇ ಊರಿಗೆ ಮರಳಬೇಕು.)

ಒಂದು ಮಳೆಹನಿಯ ಪ್ರವಾಸ

ಚಂದ್ರದ್ರೋಣ ಪರ್ವತ ಎಂದು ಕರೆಸಿಕೊಳ್ಳುವ ಈ ಶ್ರೇಣಿ ಕುದುರೆ ಲಾಳದ ಆಕಾರದಲ್ಲಿದೆ. ಲಾಳದ ಒಳಗೆ ಕಾಫಿ ತೋಟಗಳು ತುಂಬಿದ ಜಾಗರ ಕಣಿವೆ. ಹೊರಗೆ, ಪೂರ್ವಕ್ಕೆ ನಮ್ಮ ಬಯಲುಸೀಮೆ. ಏಣಿನ ಮೇಲೆ ನಿಲ್ಲಿಸಿ ಮಕ್ಕಳನ್ನು ಕೇಳುತ್ತೇನೆ: "ಇಲ್ಲಿ ಎರಡು ಮಳೆಹನಿ ಬಿದ್ದವು. ಒಂದು ಪೂರ್ವಕ್ಕೆ ಉರುಳಿತು, ಇನ್ನೊಂದು ಪಶ್ಚಿಮಕ್ಕೆ. ಎರಡೂ ಎಲ್ಲಿಗೆ ಹೋಗುತ್ತವೆ?"

"ಒಂದು ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ ಸಾರ್!" ಎಂದು ಎಲ್ಲರೂ ಕೂಗುತ್ತಾರೆ. ತಪ್ಪು! ಪೂರ್ವದ ಹನಿ ವೇದಾ ಅಥವಾ ಅವತಿ ಹೊಳೆ ಸೇರುತ್ತದೆ. ವೇದಾ ಹೊಳೆಯ ನೀರು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿಯ ನೀರು ಮದಗದ ಕೆರೆಯನ್ನೂ ತುಂಬುತ್ತದೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಸಾಗುತ್ತದೆ. ಅಲ್ಲಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದನ್ನು ತಡೆದು ನಿಲ್ಲಿಸುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ನೆನೆದರೆ, ಈ ಹೊಳೆಯ ಒಂದೊಂದು ಹನಿಯ ಬೆಲೆ ತಿಳಿದೀತು. ವೇದಾವತಿ ಮುಂದೆ ತುಂಗಭದ್ರೆಯನ್ನು ಸೇರುತ್ತದೆ.

ಪಶ್ಚಿಮದ ಹನಿ? ಜಾಗರ ಕಣಿವೆಗಿಳಿದು ಸೋಮವಾಹಿನಿಯ ಮೂಲಕ ಭದ್ರೆಗೆ, ಕೂಡ್ಲಿಯಲ್ಲಿ ತುಂಗೆಯೊಡನೆ ಬೆರೆತು ಅದೂ ತುಂಗಭದ್ರೆಯಾಗುತ್ತದೆ. ಅಂದರೆ ಬೆಟ್ಟದ ನೆತ್ತಿಯಲ್ಲಿ ಅಗಲಿದ ಅಣ್ಣತಮ್ಮಂದಿರು ನೂರಾರು ಮೈಲಿ ಸುತ್ತಿ ಮತ್ತೆ ಒಂದೇ ನದಿಯಲ್ಲಿ ಭೇಟಿಯಾಗುತ್ತಾರೆ! ನೀರನ್ನು ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಹಂಚುವ ಏಣು ಇನ್ನೂ ಪಶ್ಚಿಮಕ್ಕಿದೆ.

ಇದನ್ನು ಕೇಳಿದ ಮೇಲೆ ಮಕ್ಕಳು ಬೆಟ್ಟವನ್ನು ನೋಡುವ ರೀತಿಯೇ ಬೇರೆ. ನಮ್ಮ ಕೆರೆಯ ನೀರಿನ ತವರುಮನೆ ಇದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಲ್ಲು ಬರಿ ಹುಲ್ಲಲ್ಲ

ಅತ್ತಿಗುಂಡಿಯ ಸುತ್ತ ಕಣ್ಣು ಹಾಯಿಸಿ. ಗುಡ್ಡದ ನೆತ್ತಿ, ಮೈಯೆಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಇರುಕಿನಲ್ಲಿ ಮಾತ್ರ ಕಪ್ಪಗೆ ಒತ್ತಾಗಿ ನಿಂತ ಕಾಡು. ಇದಕ್ಕೆ ಶೋಲಾ ಎಂದು ಹೆಸರು. "ಯಾರೋ ಮರ ಕಡಿದು ಬೋಳು ಮಾಡಿದ್ದಾರೆ" ಎಂದುಕೊಳ್ಳುವವರೇ ಹೆಚ್ಚು. ನಿಜವೆಂದರೆ ಈ ಹುಲ್ಲುಗಾವಲು ಶೋಲಾದಷ್ಟೇ ಸಹಜ. ಮುಂಗಾರಿನ ನೀರನ್ನು ಹುಲ್ಲಿನ ಬೇರು ಮತ್ತು ಕೆಳಗಿನ ಮಣ್ಣು ಹೀರಿಟ್ಟುಕೊಂಡು, ಶೋಲಾದ ಸಂದಿನಿಂದ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಇದರಿಂದಲೇ.

ಈ ಹುಲ್ಲಿನ ನಡುವೆಯೇ ಕುರಿಂಜಿಯ ಪೊದೆಗಳಿವೆ. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಸಾಮೂಹಿಕವಾಗಿ ಹೂಬಿಡುವ ಜಾತಿ ಇದು. 2022ರಲ್ಲಿ ಈ ಗುಡ್ಡಗಳು ನೀಲಿ ಹೊದ್ದು ನಿಂತಾಗ ನೋಡಲು ಬಂದ ಜನಕ್ಕೆ ಲೆಕ್ಕವಿರಲಿಲ್ಲ. ಹೂವಿನ ಗೊಂಚಲನ್ನು ಕಿತ್ತು ಹಿಡಿದು ಫೋಟೋ ತೆಗೆಸಿಕೊಂಡವರೂ ಇದ್ದರು. ಹೂಬಿಟ್ಟ ಗಿಡ ಬೀಜ ಉದುರಿಸಿ ಸಾಯುತ್ತದೆ. ಆ ಬೀಜವೇ ಮುಂದಿನ ಪೀಳಿಗೆ. ಹೂ ಕಿತ್ತವರು ಕಿತ್ತದ್ದು ಒಂದು ಹೂವನ್ನಲ್ಲ, ಮುಂದಿನ ತಲೆಮಾರನ್ನು. ಹುಲ್ಲಿನ ಮೇಲೆ ಜೀಪು, ಬೈಕು ಹತ್ತಿಸಿ ಮೋಜು ಮಾಡುವವರದ್ದೂ ಇದೇ ಕಥೆ. ಚಕ್ರದ ಗುರುತು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ, ಕೊನೆಗೆ ಹೂಳಾಗಿ ಬಂದು ಕೂರುವುದು ಕೆಳಗಿನ ಕೆರೆಯಲ್ಲಿ.

ಏಳು ಬೀಜದ ಕಥೆ

ಇಲ್ಲಿಗೆ ಬಂದು ಕಾಫಿಯ ಮಾತಾಡದಿದ್ದರೆ ಹೇಗೆ? ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದ ಮೋಖಾದಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗಿರಿಯ ಗುಹೆಗೆ ಅವರ ಹೆಸರಿನೊಡನೆ ದತ್ತಾತ್ರೇಯರ ಹೆಸರೂ ಸೇರಿಕೊಂಡಿದೆ. ಕಾಫಿಯನ್ನು ಮಕ್ಕಳು ಲೋಟದಲ್ಲಿ ಮಾತ್ರ ಕಂಡಿರುತ್ತಾರೆ. ನವೆಂಬರ್ ನಂತರ ಬಂದರೆ ಕೆಂಪು ಹಣ್ಣು ಕೊಯ್ಯುವುದನ್ನು ನೋಡಬಹುದು. ಬೇಸಿಗೆಯ ಮೊದಲ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಬಂದರೆ ತೋಟಕ್ಕೆ ತೋಟವೇ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ! ತೋಟದವರ ಒಪ್ಪಿಗೆ ಇಲ್ಲದೆ ಬೇಲಿ ದಾಟಬಾರದು ಎಂಬುದನ್ನು ಬಸ್ಸು ಇಳಿಯುವ ಮೊದಲೇ ಹೇಳಿಬಿಡಿ.

ಮಂಜು ಕಲಿಸಿದ ಪಾಠ

ಈಗ ಪಾಲಕರಿಗೆ ಹೇಳಲೇಬೇಕಾದ ಒಂದು ಮಾತು. 1999ರ ನವೆಂಬರ್‌ನಲ್ಲಿ 42 ಮಕ್ಕಳನ್ನು ಕರೆದುಕೊಂಡು ಮುಳ್ಳಯ್ಯನಗಿರಿ ಹತ್ತಿದ್ದೆ. ಹತ್ತುವಾಗ ನೀಲಿ ಆಕಾಶ. ಮಧ್ಯಾಹ್ನ ಎರಡರ ಹೊತ್ತಿಗೆ ಕಣಿವೆಯಿಂದ ಮಂಜು ಎದ್ದು ಬಂತು. ಹತ್ತು ನಿಮಿಷದಲ್ಲಿ ಚಾಚಿದ ಕೈ ಕಾಣದಂತಾಯಿತು. ಮಕ್ಕಳನ್ನು ಅವಸರವಸರವಾಗಿ ಮೆಟ್ಟಿಲು ಇಳಿಸಿ ಎಣಿಸಿದರೆ 41!

ಮತ್ತೆ ಎಣಿಸಿದೆ. ಮತ್ತೆ 41. ಎಂಟನೇ ತರಗತಿಯ ಒಬ್ಬ ಹುಡುಗ ಇಲ್ಲ. ಉಳಿದವರನ್ನು ಸಹೋದ್ಯೋಗಿಯ ಬಳಿ ಬಿಟ್ಟು ಕೂಗುತ್ತಾ ಮೇಲಕ್ಕೆ ಓಡಿದೆ. ಮಂಜಿನಲ್ಲಿ ನನ್ನ ದನಿ ನನಗೇ ಎತ್ತಲಿಂದಲೋ ಕೇಳಿದಂತಾಗುತ್ತಿತ್ತು. ಎರಡೂ ಕಡೆ ಇಳಿಜಾರು. ಅವನ ತಾಯಿ ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ "ಮೇಷ್ಟ್ರೇ, ನಿಮ್ಮ ಮೇಲೆ ನಂಬಿಕೆ ಇಟ್ಟು ಕಳಿಸ್ತಿದೀನಿ" ಎಂದಿದ್ದ ಮಾತೊಂದೇ ತಲೆಯಲ್ಲಿ ತಿರುಗುತ್ತಿತ್ತು. ನಲವತ್ತು ನಿಮಿಷದ ನಂತರ ಗಾಳಿ ಬೀಸಿ ಮಂಜು ಸರಿದಾಗ, ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆ ದೂರದ ಬಂಡೆಯ ಮೇಲೆ ಚೀಲ ತಬ್ಬಿಕೊಂಡು ಕುಳಿತಿದ್ದ! ಹೂ ನೋಡಲು ಹೋದವನಿಗೆ ಮೆಟ್ಟಿಲು ಕಾಣದೇ ಹೋಗಿತ್ತು.

"ಯಾಕೋ ಕೂತಿದ್ದೆ?" ಎಂದರೆ, ಕುರಿ ಕಾಯುವ ಮನೆತನದ ಆ ಹುಡುಗ ಹೇಳಿದ: "ನಮ್ಮಜ್ಜ ಹೇಳ್ತಿದ್ರು ಸಾರ್, ತಪ್ಪಿಸ್ಕೊಂಡ ಕುರಿ ಓಡಿದ್ರೆ ಸಿಗಲ್ಲ, ನಿಂತ್ರೆ ಸಿಗುತ್ತೆ ಅಂತ."

ನಾನು ಬಿಎಸ್‌ಸಿ, ಬಿಎಡ್ ಓದಿದವನು. ಮಂಜು ಎಂದರೆ ನೆಲ ಮುಟ್ಟಿದ ಮೋಡ ಎಂದು ಆ ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದೆ. ಆದರೆ ಆ ಮೋಡದೊಳಗೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ತಪ್ಪು ನನ್ನದೇ. ಅತ್ತಿಗುಂಡಿಯ ಚಹಾ ಅಂಗಡಿಯಲ್ಲಿ ಆ ಸಂಜೆ ಕುಡಿದ ಬಿಸಿ ಚಹಾದ ರುಚಿ ಇಂದಿಗೂ ನೆನಪಿದೆ. ಲೋಟ ಹಿಡಿದ ಕೈ ಮಾತ್ರ ನಡುಗುತ್ತಲೇ ಇತ್ತು.

ಅಂದಿನಿಂದ ನಮ್ಮ ಪ್ರವಾಸಕ್ಕೆ ನಿಯಮಗಳಿವೆ. ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಒಬ್ಬ ನಿಂತರೆ ಇನ್ನೊಬ್ಬನೂ ನಿಲ್ಲಬೇಕು. ಎಲ್ಲರ ಕುತ್ತಿಗೆಯಲ್ಲೂ ಸೀಟಿ. ಮಂಜು ಬಂದರೆ ನಿಂತಲ್ಲೇ ಕುಳಿತು ಮೂರು ಸಲ ಊದುವುದು. ಗುಡುಗು ಕೇಳಿದರೆ ಏಣು ಬಿಟ್ಟು ಕೂಡಲೇ ಕೆಳಗಿಳಿಯುವುದು. ಒಂಟಿ ಮರದಡಿ ನಿಲ್ಲದಿರುವುದು. ಜಲಪಾತದ ಬಂಡೆ ಹತ್ತದಿರುವುದು. ಪಾಚಿ ಕಟ್ಟಿದ ಕಲ್ಲಿಗೆ ಯಾರ ಪರಿಚಯವೂ ಇಲ್ಲ! ಇಂಬಳ ಕಚ್ಚಿದರೆ ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಕ್ಕಳನ್ನು ಕಳಿಸಲು ಹೆದರುವ ಪಾಲಕರಿಗೆ ನನ್ನ ಅರಿಕೆ ಇಷ್ಟೆ: ಮನೆಯಲ್ಲಿ ಕೂರಿಸಿದರೆ ಮಗು ಕ್ಷೇಮವಾಗಿರುತ್ತದೆ, ನಿಜ. ಆದರೆ ಎಚ್ಚರವೆಂಬುದು ಹೊರಗೆ ಹೋಗಿಯೇ ಕಲಿಯಬೇಕಾದ ವಿದ್ಯೆ. ಕಳಿಸಿ, ಕಳಿಸುವ ಮುನ್ನ ಮೇಷ್ಟ್ರಿಗೆ ನಾಲ್ಕು ಪ್ರಶ್ನೆ ಕೇಳಿ. ಒಳ್ಳೆಯ ಮೇಷ್ಟ್ರು ಬೇಸರಪಡುವುದಿಲ್ಲ.

ಹೋಗುವವರಿಗೆ

ದಾರಿ: ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 250 ಕಿ.ಮೀ. ಕಡೂರು ಜಂಕ್ಷನ್‌ನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲು ಸಂಪರ್ಕವಿದೆ. ಗಿರಿಯ ರಸ್ತೆ ಕಿರಿದು, ತಿರುವು ಹೆಚ್ಚು. ಉದ್ದನೆಯ ಬಸ್ಸಿನ ಬದಲು ಸಣ್ಣ ವಾಹನವೇ ಲೇಸು.

ಅನುಮತಿ: ಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಪದ್ಧತಿ ಬಂದಿದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಡಿಸೆಂಬರ್‌ನ ದತ್ತ ಜಯಂತಿಯ ಸಮಯದಲ್ಲಿ ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ.

ಕಾಲ: ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹಿತಕರ. ಜೋರು ಮಳೆಯ ದಿನಗಳಲ್ಲಿ ಗುಡ್ಡ ಕುಸಿಯುವ ಭಯವಿರುವುದರಿಂದ ಮಕ್ಕಳ ಪ್ರವಾಸ ಬೇಡ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು. ಬೆಂಕಿಪೊಟ್ಟಣವನ್ನು ಮನೆಯಲ್ಲೇ ಬಿಡಿ.

ಚೀಲದಲ್ಲಿ: ಸ್ವೆಟರ್, ಮಳೆ ಅಂಗಿ, ಹಿಡಿತವಿರುವ ಬೂಟು, ಸ್ಟೀಲ್ ಬಾಟಲಿಯಲ್ಲಿ ನೀರು, ಬುತ್ತಿ, ಟಾರ್ಚು, ಸೀಟಿ. ಎಲ್ಲ ಕಡೆಯೂ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಸೀಟಿಗೆ ಸಿಗ್ನಲ್ ಬೇಕಿಲ್ಲ!

ಮರಳಿ ಬರುವಾಗ ಅಯ್ಯನಕೆರೆಯ ಏರಿಯ ಮೇಲೆ ಐದು ನಿಮಿಷ ಬಸ್ಸು ನಿಲ್ಲಿಸಿ. ಬೆಳಿಗ್ಗೆ ನಿಂತು ಬಂದ ಬೆಟ್ಟ ಸಂಜೆ ಅಲ್ಲಿಂದ ದೂರದಲ್ಲಿ ಕಾಣುತ್ತದೆ. ಆ ಹೊತ್ತಿನಲ್ಲಿ ನಾನು ಏನೂ ಹೇಳುವುದಿಲ್ಲ. ಮಕ್ಕಳೇ ಬೆಟ್ಟವನ್ನೊಮ್ಮೆ, ನೀರನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ.