ದಾಸವಾಳದ ಗಿಡಕ್ಕೆ ಕತ್ತರಿ

ನಮ್ಮ ಹಿತ್ತಲಿನಲ್ಲಿ ಒಂದು ಕೆಂಪು ದಾಸವಾಳವಿದೆ. ಊರ ಮನೆಯನ್ನು ಬಿಟ್ಟು ಬರುವಾಗ ನಮ್ಮ ತಾಯಿಯವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯಿಂದ ಬೆಳೆದ ಗಿಡವದು. ಬಹುಕಾಲ ನಿತ್ಯಪೂಜೆಗೆ ಹತ್ತು ಹನ್ನೆರಡು ಹೂಗಳನ್ನು ತಪ್ಪದೆ ಕೊಟ್ಟ ಗಿಡ ಮೂರು ವರ್ಷಗಳ ಹಿಂದೆ ಮುನಿಸಿಕೊಂಡಿತು. ಆಳೆತ್ತರ ಮೀರಿದ ಕೊಂಬೆಗಳು. ಬುಡವೆಲ್ಲ ಬೋಳು, ತುದಿಯಲ್ಲಿ ನಾಲ್ಕೆಲೆ. ಕಟ್ಟಿದ ಮೊಗ್ಗೂ ಹಳದಿಯಾಗಿ ಉದುರುವುದು. ನಾನು ದಿನಕ್ಕೆರಡು ಬಾರಿ ಕೊಡಗಟ್ಟಲೆ ನೀರು ಹೊಯ್ದೆ. ತಾಯಿಯವರು ಹೂವಿಗಾಗಿ ನೆರೆಮನೆಯ ಬೇಲಿಯ ಬಳಿ ನಿಲ್ಲುವಂತಾಯಿತು. ಒಂದು ಬೆಳಗ್ಗೆ ಬೇಲಿಯಾಚೆಯಿಂದ, "ದಿನಾ ಬಂದರೆ ನಮಗೇನು ಉಳಿದೀತು?" ಎಂಬ ಮಾತೂ ಕೇಳಿತು. ಎಂಬತ್ತು ದಾಟಿದವರು ಬರಿಗೈಯಲ್ಲಿ ಹಿಂದಿರುಗಿದರು. ಗಿಡವನ್ನು ಸವರೋಣವೆಂದರೆ, "ಹೂ ಕೊಟ್ಟ ಗಿಡಕ್ಕೆ ಕತ್ತಿ ಹಾಕುತ್ತೀಯೇನೋ?" ಎನ್ನುತ್ತಿದ್ದರು.

ಅವರ ಮಮತೆಯೂ ನನ್ನ ನೀರೂ ಕೂಡಿಯೇ ಗಿಡವನ್ನು ಕೆಡಿಸಿದ್ದವು. ದಾಸವಾಳದಲ್ಲಿ ಮೊಗ್ಗು ಮೂಡುವುದು ಹೊಸ ಚಿಗುರಿನ ಎಲೆಗಳ ಕಂಕುಳಲ್ಲಿ. ಹೂವಿನ ಬಾಳೋ ಸಾಮಾನ್ಯವಾಗಿ ಒಂದೇ ದಿನ. ನೀರಿನಲ್ಲಿಟ್ಟರೂ ಬರಿಯ ತಟ್ಟೆಯಲ್ಲಿಟ್ಟರೂ ಸಂಜೆಗೆ ಮುದುಡುತ್ತದೆ. ಆದುದರಿಂದ ನಿತ್ಯವೂ ಹೂ ಬೇಕೆನ್ನುವವರ ಗಿಡದಲ್ಲಿ ಚಿಗುರು ನಿಲ್ಲದೆ ಹೊರಡುತ್ತಿರಬೇಕು. ಮುದಿಕೊಂಬೆಯನ್ನು ಕತ್ತರಿಸಿದರೆ ಕೆಳಗೆ ಮಲಗಿದ್ದ ಕಣ್ಣುಗಳು ಏಳುತ್ತವೆ. ಒಂದು ತುದಿಯಿದ್ದಲ್ಲಿ ಎರಡು ಮೂರು ತುದಿಗಳಾಗುತ್ತವೆ.

ವೇದಾಂತಿಗಳು ಸ್ಫಟಿಕದ ಪಕ್ಕದಲ್ಲಿ ಜಪಾಕುಸುಮವನ್ನಿಟ್ಟು, ಕೆಂಪು ಸ್ಫಟಿಕದ್ದಲ್ಲ, ಹೂವಿನದು ಎಂದು ತಿಳಿಹೇಳುವರಷ್ಟೆ. ಆ ಜಪಾಕುಸುಮವೇ ನಮ್ಮ ದಾಸವಾಳ. 1753ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ಚೀನಾದ ಗುಲಾಬಿ ಎಂಬರ್ಥದ ಹೆಸರಿಟ್ಟನು. ಆದರೆ ಇದರ ದಾಯಾದಿಗಳು ಗುಲಾಬಿಯಲ್ಲ, ಹತ್ತಿ ಮತ್ತು ಬೆಂಡೆ. ಬೆಂಡೆಯ ಹೂವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಎರಡರಲ್ಲಿಯೂ ಕೇಸರಗಳು ಒಂದೇ ಕೊಳವೆಯಾಗಿ ಕೂಡಿವೆ. ಮಾತು ಎತ್ತಲೋ ಹೋಯಿತು, ಕತ್ತರಿಗೆ ಬರೋಣ.

ಶಿವರಾತ್ರಿ ಕಳೆದು ಚಳಿ ಹಿಂದಾದ ಕಾಲ ನಮ್ಮ ಬಯಲುಸೀಮೆಗೆ ಒಳ್ಳೆಯದು. ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಹೊರಮುಖವಾದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಕೊಂಬೆ ಮರಳಿ ಹೂ ಕೊಡಲು ಎರಡು ಮೂರು ತಿಂಗಳು ಬೇಕು. ಅದಕ್ಕೆಂದೇ ಈಗ ಒಂದು ಬಿಟ್ಟು ಒಂದು ಕೊಂಬೆಯನ್ನು ಸವರಿ, ಉಳಿದವನ್ನು ತಿಂಗಳ ಮೇಲೆ ಸವರಬಹುದು. ತಾಯಿಯವರು ಒಪ್ಪಿದ್ದು ಈ ಉಪಾಯಕ್ಕೆ.

ನೀರಿನ ವಿಷಯ: ಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹೊಯ್ಯಿರಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಮೊಗ್ಗು ಉದುರುತ್ತದೆ. ತೀರ ಒಣಗಿದರೂ ಅದೇ ಗತಿ. ಅರ್ಧ ದಿನದ ಬಿಸಿಲು, ಕೊಳೆತ ಸಗಣಿಗೊಬ್ಬರ ಸಾಕು.

ಇನ್ನು ಹಿಟ್ಟು ತಿಗಣೆ. ಚಿಗುರಿನಲ್ಲಿ ಬಿಳಿಯ ಬೂಷ್ಟಿನಂತೆ ಕಂಡು, ಎಲೆಗಳು ಮುರುಟಿಕೊಂಡರೆ ಇದೇ ಕಾರಣವೆಂದು ತಿಳಿಯಿರಿ. ಇದು ಸ್ರವಿಸುವ ಸಿಹಿಯ ಆಸೆಗೆ ಇರುವೆಗಳು ಇದನ್ನು ಕಾಯುತ್ತವೆ. ಸಾಲಿರುವೆ ಕಂಡಾಗಲೇ ಎಚ್ಚರಗೊಳ್ಳಬೇಕು. ಮುರುಟಿದ ತುದಿಗಳನ್ನು ಕಿತ್ತು ಸುಟ್ಟು, ಉಳಿದವಕ್ಕೆ ಸಾಬೂನಿನ ನೀರಿನಲ್ಲಿ ಬೇವಿನೆಣ್ಣೆ ಕದಡಿ ಸಂಜೆಯ ಹೊತ್ತು ಎರಚಿ. ಆದರೆ ಮೊದಲು ಕಣ್ಣಿಟ್ಟು ನೋಡಿ. ಈ ತಿಗಣೆಯನ್ನು ತಿನ್ನುವ ಒಂದು ಗುಲಗಂಜಿ ಹುಳುವಿದೆ. ಕಾಫಿ ಗಿಡದ ಹಸಿರು ತಿಗಣೆಯನ್ನು ಅಡಗಿಸಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಈ ಹುಳು ನಮ್ಮಲ್ಲಿಯೇ ನೆಲೆಸಿತು. ಅದರ ಮರಿಯೂ ಮೈತುಂಬ ಬಿಳಿಯ ಮೇಣದೆಳೆ ಹೊದ್ದು ತಿಗಣೆಯಂತೆಯೇ ಕಾಣುತ್ತದೆ! ಗಾತ್ರದಲ್ಲಿ ದೊಡ್ಡದು, ನಡಿಗೆಯಲ್ಲಿ ಚುರುಕು. ಶತ್ರುವೆಂದು ನಾನೇ ಎಷ್ಟನ್ನು ಹೊಸಕಿದೆನೋ.

ಮನೆಗಳಲ್ಲಿ ಕಾಣುವ ಈ ಕೆಂಪು ದಾಸವಾಳ ಬೀಜ ಕಟ್ಟುವುದು ಅಪರೂಪ. ಕಡ್ಡಿಯೇ ಅದರ ಸಂತಾನ. ಪೆನ್ಸಿಲಿನಷ್ಟು ದಪ್ಪದ, ಆರಂಗುಲದ ತುಂಡುಗಳ ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ನಾನು ಸವರಿದ ಕೊಂಬೆಗಳಿಂದ ತಾಯಿಯವರು ಹತ್ತು ಕಡ್ಡಿ ನೆಟ್ಟರು. ಏಳು ಚಿಗುರಿದವು. ಅವುಗಳಲ್ಲಿ ಚೆನ್ನಾದ ಒಂದನ್ನು ಕುಂಡದ ಸಮೇತ ಎತ್ತಿಸಿಕೊಂಡು ಹೋಗಿ, ಬೇಲಿಯಾಚೆಯವರಿಗೆ ಕೊಟ್ಟು ಬಂದರು.