ತೋಪಿನ ಉದ್ದವೂ ಗುಂಡಿನ ಗುರಿಯೂ
ಕಲಬುರಗಿ ಕೋಟೆಗೆ ಬಂದವರು ಬಾರಾ ಗಜಿ ತೋಪಿನ ಅಳತೆಯನ್ನೇ ಬಾಯಲ್ಲಿಟ್ಟುಕೊಂಡು ಹೋಗುತ್ತಾರೆ: 29 ಅಡಿ, ಜಗತ್ತಿನಲ್ಲೇ ಉದ್ದದ್ದಂತೆ. ವಿಜಯಪುರದ ಉಪ್ಲಿ ಬುರುಜಿನ ಮೇಲಿನ ಲಂಬಾ ತೋಪು ಅದಕ್ಕಿಂತ ಉದ್ದ ಎಂದು ಅಲ್ಲಿಯವರು ತಕರಾರು ತೆಗೆದಾರು. ಆ ವ್ಯಾಜ್ಯ ಅವರವರಿಗೇ ಇರಲಿ. ಉದ್ದವಿದ್ದರೆ ಗುರಿಯೂ ಖಚಿತ ಎಂಬ ಊಹೆ ಮಾತ್ರ ತಪ್ಪು. ನಾಳ ಉದ್ದವಾದಷ್ಟೂ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ದೂಡುತ್ತದೆ, ಒಂದು ಮಿತಿಯವರೆಗೆ ವೇಗ ಏರುತ್ತದೆ. ಆದರೆ ಬಾಯಿಯಿಂದ ತುಂಬುವ ಹಳೆಯ ತೋಪಿನಲ್ಲಿ ಗುಂಡು ನಾಳಕ್ಕಿಂತ ಸಣ್ಣದಿರಲೇಬೇಕು, ಇಲ್ಲದಿದ್ದರೆ ಒಳಗಿಳಿಯದು. ಆ ಸಂದಿನಲ್ಲಿ ಅನಿಲ ಸೋರುತ್ತದೆ. ಗುಂಡು ಗೋಡೆಯಿಂದ ಗೋಡೆಗೆ ತಾಕುತ್ತ, ಕೊನೆಗೆ ಎಲ್ಲಿ ತಾಕಿತೋ ಅದಕ್ಕೆ ತಕ್ಕ ಹಾಗೆ ಓರೆಯಾಗಿ ಹೊರಬೀಳುತ್ತದೆ. ಇನ್ನು ಪೆಟ್ಲುಪ್ಪು ಎಷ್ಟು ಶುದ್ಧ, ಮದ್ದು ಎಷ್ಟು ಒಣಗಿದೆ ಎಂಬುದು ಪೀಪಾಯಿಂದ ಪೀಪಾಯಿಗೆ ಬೇರೆ.

ಗುರಿಯ ಗುಟ್ಟಿರುವುದು ಬಲದಲ್ಲಲ್ಲ, ಹಿಂದಿನ ಹೊಡೆತದಂತೆಯೇ ಮುಂದಿನದೂ ಇರುವುದರಲ್ಲಿ. ವಿದೇಶಗಳ ರೈಫಲ್ ಸ್ಪರ್ಧಿಗಳು ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವುದು ಇದಕ್ಕಾಗಿಯೇ. ಮದ್ದಿನ ತೂಕ, ಹಿತ್ತಾಳೆ ಕೋಶದ ಒಳಜಾಗ, ಗುಂಡು ಎಷ್ಟು ಆಳಕ್ಕೆ, ಎಷ್ಟು ನೆಟ್ಟಗೆ ಕೂತಿದೆ ಎಂಬುದು, ಇವೆಲ್ಲ ಒಂದೇ ಥರ ಇರಬೇಕು. ಇದು ಗೀಳಲ್ಲವೇ ಎಂದರೆ, ದೂರವನ್ನು ನೋಡಿ ಹೇಳಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕೋಣ: ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡು ಶೇ 1ರಷ್ಟು ನಿಧಾನವಾದರೆ 50 ಮೀಟರಿನಲ್ಲಿ ಅರ್ಧ ಮಿಲಿಮೀಟರೂ ಕೆಳಗಿಳಿಯದು, 600 ಮೀಟರಿನಲ್ಲಿ ಐದು ಸೆಂಟಿಮೀಟರಿಗೂ ಮೇಲೆ ಇಳಿಯುತ್ತದೆ. ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯ ಸಣ್ಣ ತೋಟಾವನ್ನಂತೂ ಮತ್ತೆ ತುಂಬಲು ಬರುವುದೇ ಇಲ್ಲ. ಶೂಟರ್‌ಗಳು ಕಾರ್ಖಾನೆಯ ಬೇರೆ ಬೇರೆ ಲಾಟ್‌ಗಳನ್ನು ಹೊಡೆದು ನೋಡಿ ತಮ್ಮ ರೈಫಲ್‌ಗೆ ಒಗ್ಗುವುದನ್ನು ಆರಿಸುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಲು ಬಿಡುವುದಿಲ್ಲ, ಬಿಡಬಾರದು ಕೂಡ: ಅಳತೆ ತಪ್ಪಿದ ಮದ್ದು ಗುರಿಯನ್ನಷ್ಟೇ ಅಲ್ಲ, ಹೊಡೆಯುವವನ ಮುಖವನ್ನೂ ಕೆಡಿಸೀತು.

ಕೋಟೆಗೋಡೆ ಒಡೆಯಲು, ದಂಡು ಚದುರಿಸಲು ಅಷ್ಟು ನಿಖರತೆ ಏಕೆ ಎಂಬ ಆಕ್ಷೇಪ ನ್ಯಾಯವೇ. ಬಾರಾ ಗಜಿ ತೋಪನ್ನು ರೈಫಲ್‌ನ ತಕ್ಕಡಿಯಲ್ಲಿ ತೂಗಿ ಹಳಿಯಬೇಕಾಗಿಲ್ಲ. ಅದರ ಉದ್ದವನ್ನೇ ಸಾಮರ್ಥ್ಯವೆಂದು ಹೊಗಳುವುದನ್ನು ಬಿಟ್ಟರೆ ಸಾಕು. ಉದ್ದದಿಂದಲೇ ಎಲ್ಲವೂ ಆಗುವುದಾದರೆ 1918ರಲ್ಲಿ ಜರ್ಮನರು ಪ್ಯಾರಿಸ್ ಮೇಲೆ ಹೂಡಿದ ತೋಪಿಗೆ ಆಗಬೇಕಿತ್ತು. ಅದರ ನಾಳ 34 ಮೀಟರ್. ಗುಂಡು ಹೋದದ್ದು ಸುಮಾರು 120 ಕಿಲೋಮೀಟರ್, ಕಲಬುರಗಿಯಿಂದ ಕಮಲಾಪುರಕ್ಕಿರುವ ದೂರದ ಮೂರು ಪಟ್ಟಿಗೂ ಹೆಚ್ಚು. ಪ್ರತಿ ಹೊಡೆತಕ್ಕೂ ನಾಳ ಸವೆಯುತ್ತಿತ್ತು. ಅದಕ್ಕೆಂದು ಗುಂಡುಗಳನ್ನು ಒಂದಕ್ಕಿಂತ ಒಂದು ಕೂದಲೆಳೆ ದಪ್ಪ ಮಾಡಿ, ನಂಬರು ಹಾಕಿ, ಅದೇ ಸರದಿಯಲ್ಲಿ ಹೊಡೆಯುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಗುಂಡು ಪ್ಯಾರಿಸ್ಸಿನ ಯಾವ ಬೀದಿಗೆ ಬೀಳುವುದೆಂದು ಹೊಡೆದವರಿಗೇ ಗೊತ್ತಿರುತ್ತಿರಲಿಲ್ಲ.