ಮೂಲಂಗಿಗೆ ಎರಡು ಕಾಲು ಯಾಕೆ?

ಈ ಮೂಲಂಗಿ ನೋಡಿ, ಎರಡು ಕಾಲು! ಬೀಜವನ್ನು ಬೈಯಬೇಡಿ, ಮಣ್ಣು ನೋಡಿ. ಸಂಡೂರಿನ ವಡ್ಡು ಕಡೆ ಕೆಂಪು ನೆಲ ಇರುವವರಿಗೆ ಗೊತ್ತು: ಮಳೆ ನಿಂತು ಬಿಸಿಲು ಬಿದ್ದರೆ ಮೇಲ್ಮಣ್ಣು ಬಿಗಿಯುತ್ತೆ. ಇಳಿಯುವ ಬೇರಿಗೆ ತಡೆ ಸಿಕ್ಕರೆ ಕವಲೊಡೆಯುತ್ತೆ.

ಕೊಟ್ಟಿಗೆ ಗೊಬ್ಬರ ಮಣ್ಣನ್ನು ಸಡಿಲಿಸುತ್ತೆ, ತೇವ ಹಿಡಿಯುತ್ತೆ. ಎಕರೆಗೆ ಸುಮಾರು 10 ಟನ್, ಬಿತ್ತನೆಗೆ ಎರಡು ಮೂರು ವಾರ ಮೊದಲೇ ಸೇರಿಸಿ. ಹಸಿ ಸಗಣಿ ಮಾತ್ರ ಬೇಡವೇ ಬೇಡ! ಗಡ್ಡೆ ಕವಲಾಗುತ್ತೆ, ಗೆದ್ದಲೂ ಬರುತ್ತೆ. ಚೆನ್ನಾಗಿ ಕಳಿತ ಗೊಬ್ಬರ ಕಪ್ಪಗೆ, ಪುಡಿಪುಡಿ. ಕೈಯಿಟ್ಟರೆ ಬಿಸಿ ಇರಲ್ಲ, ಸಗಣಿ ವಾಸನೆಯೂ ಇರಲ್ಲ.

ಬಳ್ಳಾರಿ ಸೀಮೆಯಲ್ಲಿ ಹೊಲಕ್ಕೆ ಕುರಿಮಂದೆ ತರುಬಿಸ್ತಾರಲ್ಲ, ಅದು ಬಲು ಒಳ್ಳೆಯದು. ಹಿಕ್ಕೆ, ಗಂಜಲ ಎರಡೂ ನೆಲಕ್ಕೇ. ಆದರೆ ಮಂದೆ ಎದ್ದ ಕೂಡಲೇ ಮೂಲಂಗಿ, ಕ್ಯಾರೆಟ್ ಬಿತ್ತಬೇಡಿ. ಸಾರಜನಕ ಹೆಚ್ಚಾಗಿ ಸೊಪ್ಪು ಸೊಂಪು, ಗಡ್ಡೆ ಸಣ್ಣ. ಮೊದಲು ಜೋಳ ಬೆಳೆಯಿರಿ, ಮುಂದಿನ ಹಂಗಾಮಿಗೆ ಮೂಲಂಗಿ, ಕ್ಯಾರೆಟ್ ಹಾಕಿ.